ಬಳೆ ಇಟ್ಟು ಬರೆದ ವೃತ್ತ

ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಸಮವಸ್ತ್ರ ಹಾಕಿಕೊಳ್ಳೋ ಯೋಗ ಎಷ್ಟು ಜನಕ್ಕೆ ಬರುತ್ತೆ ಹೇಳಿ? ನನಗೆ ಬಂತು. ಬಿ.ಇಡಿ. ಕಾಲೇಜಿನ ಸಮವಸ್ತ್ರದ ಸೀರೆ ಉಟ್ಟು, ಹೆಗಲಿಗೆ ಹಳೇ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗು ಏರಿಸಿಕೊಂಡು ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನನಗೇ ನಗು ಬರ್ತಿತ್ತು.

ಅದಕ್ಕೆ ಮುಂಚೆ ಏಳು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದವಳು ನಾನು. ಒಂದು ದಿನ ನಮ್ಮ ಪ್ರಾಜೆಕ್ಟು ಮುಚ್ಚಿತು, ಅದರ ಜೊತೆ ನನ್ನ ಕೆಲಸವೂ ಹೋಯಿತು. ಇನ್ನೊಂದು ಕೆಲಸ ಸಿಗದೇ ಇರ್ತಿರಲಿಲ್ಲ. ಆದರೆ ಮೊದಲಿಂದಲೂ ಮೇಷ್ಟ್ರಾಗುವ ಆಸೆ ಒಂದಿತ್ತು. ವಿಜ್ಞಾನ, ಗಣಿತ ಓದಿರುವ ಎಂಜಿನಿಯರುಗಳೂ 55 ಪರ್ಸೆಂಟ್ ಅಂಕ ಇದ್ದರೆ ಬಿ.ಇಡಿ. ಸೇರಬಹುದು ಅಂತ ಗೊತ್ತಾದ ಮೇಲೆ ತಡೆಯಲಿಲ್ಲ. ಹಗಲು ಕಾಲೇಜು, ರಾತ್ರಿ ಒಂದೆರಡು ಸಣ್ಣ ಕಂಪನಿಗಳಿಗೆ ಬಿಡಿ ಕೆಲಸ. "ಲಕ್ಷ ಸಂಬಳ ಬಿಟ್ಟು ಚಾಕ್‌ಪೀಸ್ ಹಿಡೀತಾಳಂತೆ" ಅಂತ ಮದುವೆ ಮನೆಗಳಲ್ಲಿ ಮಾತಾಯಿತು. ಕೇಳಿಸಿಕೊಂಡು ಸುಮ್ಮನಿದ್ದೆ. ಆದರೆ ಒಳಗೆ ಒಂದು ಹಟ ಇತ್ತು: ನೋಡ್ತಿರಿ, ಬೇರೆಯವರಿಗೆ ಬಾರದ ತಂತ್ರಜ್ಞಾನ ನನಗೆ ಬರುತ್ತೆ, ಕ್ಲಾಸ್‌ರೂಮನ್ನೇ ಬದಲಾಯಿಸಿಬಿಡ್ತೀನಿ.

2015ರಿಂದ ಬಿ.ಇಡಿ. ಎರಡು ವರ್ಷದ ಕೋರ್ಸು. ಅದರಲ್ಲಿ ವಾರಗಟ್ಟಲೆ ಶಾಲೆಯಲ್ಲೇ ಇದ್ದು ಪಾಠ ಮಾಡುವ ಇಂಟರ್ನ್‌ಶಿಪ್ ಇರುತ್ತೆ. ನನಗೆ ಸಿಕ್ಕಿದ್ದು ತೆಂಗಿನ ತೋಟಗಳ ನಡುವಿನ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ಕ್ಲಾಸು, ಗಣಿತ, 38 ಮಕ್ಕಳು. ಮಾರ್ಗದರ್ಶನಕ್ಕೆ ಅಲ್ಲಿನ ಗಣಿತದ ಮೇಷ್ಟ್ರು, ನಿವೃತ್ತಿಗೆ ಹತ್ತಿರವಾದವರು. ಒಂದು ಸ್ಮಾರ್ಟ್ ಕ್ಲಾಸ್ ಕೋಣೆ, ಅದರಲ್ಲೊಂದು ಪ್ರೊಜೆಕ್ಟರ್. ನನಗಿನ್ನೇನು ಬೇಕು!

ಪಾಠ ವೃತ್ತಗಳದ್ದು. ಒಂದು ಕಂಸ ವೃತ್ತದ ಕೇಂದ್ರದಲ್ಲಿ ಉಂಟುಮಾಡುವ ಕೋನ, ವೃತ್ತದ ಉಳಿದ ಭಾಗದ ಮೇಲೆ ಎಲ್ಲಿ ಬಿಂದು ಇಟ್ಟರೂ ಅಲ್ಲಿ ಉಂಟಾಗುವ ಕೋನದ ಎರಡರಷ್ಟು ಇರುತ್ತೆ. ನಾವೆಲ್ಲ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಬಾಯಿಪಾಠ ಮಾಡಿ ಮರೆತ ಪ್ರಮೇಯ. ಇದಕ್ಕೆ ಜಿಯೋಜೀಬ್ರಾ ಹೇಳಿ ಮಾಡಿಸಿದ ಹಾಗಿದೆ. ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ ತಂತ್ರಾಂಶ ಅದು, ಶಾಲೆಗಳಿಗೆ ಪುಕ್ಕಟೆ. ಮೂರು ರಾತ್ರಿ ಕೂತು ಬಣ್ಣಬಣ್ಣದ ಚಿತ್ರ ತಯಾರು ಮಾಡಿದೆ. ಬಿಂದುವನ್ನು ಮೌಸಿನಿಂದ ಎಳೆದರೆ ಅದು ವೃತ್ತದ ಮೇಲೆ ಜಾರುತ್ತೆ. ಪಕ್ಕದಲ್ಲಿ ಅಂಕಿ ಮಾತ್ರ ಕದಲೋದಿಲ್ಲ: ಕೇಂದ್ರದಲ್ಲಿ 80 ಡಿಗ್ರಿ, ಬಿಂದುವಿನಲ್ಲಿ 40 ಡಿಗ್ರಿ.

ಅವತ್ತು ಕಾಲೇಜಿನಿಂದ ಪಾಠ ವೀಕ್ಷಣೆಗೆ ಉಪನ್ಯಾಸಕರು ಬಂದಿದ್ದರು. ಬಿಂದು ಜಾರಿದಾಗ ಮಕ್ಕಳು "ಓ..." ಅಂದರು. ಕೊನೆಗೆ ಚಪ್ಪಾಳೆಯೂ ಆಯಿತು. ವೀಕ್ಷಣಾ ನಮೂನೆಯಲ್ಲಿ ತಂತ್ರಜ್ಞಾನದ ಬಳಕೆಯ ಮುಂದೆ ನನಗೆ ಒಳ್ಳೆಯ ಅಂಕ. ಮೇಷ್ಟ್ರು ಮಾತ್ರ, "ಚೆನ್ನಾಗಿತ್ತಮ್ಮ, ಮಕ್ಕಳು ಒಂದೂ ಪ್ರಶ್ನೆ ಕೇಳಲಿಲ್ಲ ನೋಡು" ಅಂದರು. ನಾನು ಅದನ್ನೂ ಹೊಗಳಿಕೆ ಅಂದುಕೊಂಡೆ!

ಅವತ್ತು ಸಂಜೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕಳಿಸಿದೆ. ಮನೆಯಲ್ಲಿ ಬಿಂದು ಎಳೆದು ನೋಡಿ, ಐದು ಸಲದ ಅಳತೆ ನೋಟ್ಸಿನಲ್ಲಿ ಬರೆದುಕೊಂಡು ಬನ್ನಿ ಅಂತ ಹೋಂವರ್ಕ್.

ಮಾರನೇ ದಿನ ಒಂದು ಸಣ್ಣ ಟೆಸ್ಟ್ ಕೊಟ್ಟೆ. ಚಿತ್ರ ಬರೆದು, ಕೇಂದ್ರದ ಕೋನ ಯಾವುದು, ವೃತ್ತದ ಮೇಲಿನ ಕೋನ ಯಾವುದು ಗುರುತಿಸಿ ಅಂತ. 38ರಲ್ಲಿ ಸರಿಯಾಗಿ ಬರೆದವರು ಒಂಬತ್ತು ಜನ. "ಕೋನ 80" ಅಂತ ಬರೆದವರು ಬಹಳ ಜನ. ಯಾವ ವೃತ್ತವಾದರೂ 80, 40ಏ ಅಂದುಕೊಂಡುಬಿಟ್ಟಿದ್ದರು. ನನಗೆ ಮೈ ಉರಿಯಿತು. ಆ ಸಿಟ್ಟಿನಲ್ಲೇ ಹೋಂವರ್ಕ್ ನೋಡಲು ಹೊರಟೆ. ಹುಡುಗಿಯರ ಸಾಲಿನ ಕೊನೆಯಲ್ಲಿ ಕೂತಿದ್ದವಳ ಹತ್ತಿರ ಐದು ಅಳತೆ ಇರಲಿಲ್ಲ.

"ಲಿಂಕ್ ಓಪನ್ ಮಾಡೋಕೂ ಸೋಮಾರಿತನವಾ? ಬೆರಳಲ್ಲಿ ಒತ್ತೋದು ಅಷ್ಟೇ ತಾನೇ? ನಿಂತ್ಕೋ."

ಅವಳು ನಿಂತಳು. ಪೀರಿಯಡ್ ಮುಗಿಯೋವರೆಗೂ ನಿಂತೇ ಇದ್ದಳು. ಕೂತ್ಕೋ ಅನ್ನೋದನ್ನು ನಾನು ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಹೇಳಲಿಲ್ಲ, ಅಷ್ಟೆ.

ಬೆಲ್ ಹೊಡೆದ ಮೇಲೆ ನೋಟ್ ಬುಕ್ ಹಿಡಿದುಕೊಂಡು ಬಂದಳು. "ಮಿಸ್, ಫೋನು ನಮ್ಮಪ್ಪನ ಹತ್ರ ಇರುತ್ತೆ. ಗೂಡ್ಸ್ ಆಟೋ ಓಡಿಸ್ತಾರೆ, ಬರೋದು ರಾತ್ರಿ ಒಂಬತ್ತಾಗುತ್ತೆ. ನೆನ್ನೆ ನೆಟ್ ಖಾಲಿಯಾಗಿತ್ತು. ಅದಕ್ಕೇ ನಾನೇ ಬರ್ಕೊಂಡು ಅಳ್ದೆ."

ನೋಟ್ ಬುಕ್ಕಿನಲ್ಲಿ ದುಂಡಗೆ ಕತ್ತರಿಸಿದ ಒಂದು ಹಾಳೆ ಅಂಟಿಸಿದ್ದಳು. ಅವಳ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರ ಇರಲಿಲ್ಲ. ಕೈಬಳೆ ಇಟ್ಟು ಸುತ್ತ ಗೆರೆ ಎಳೆದಿದ್ದಾಳೆ. ಬಳೆಗೆ ಕೇಂದ್ರ ಎಲ್ಲಿಂದ ತರೋದು? ಕತ್ತರಿಸಿದ ವೃತ್ತವನ್ನು ಸರಿಯಾಗಿ ಅರ್ಧಕ್ಕೆ ಮಡಚಿ ಬಿಚ್ಚಿದ್ದಾಳೆ, ಇನ್ನೊಂದು ದಿಕ್ಕಿನಿಂದ ಮತ್ತೆ ಮಡಚಿದ್ದಾಳೆ. ಎರಡು ಮಡಿಕೆ ಕೂಡಿದ ಕಡೆ ಪೆನ್ಸಿಲ್ಲಿನಿಂದ ಚುಕ್ಕೆ. ಅದರಿಂದ ಗೆರೆ ಎಳೆದು ಕೋನಮಾಪಕದಲ್ಲಿ ಅಳೆದು ಬರೆದಿದ್ದಾಳೆ: 78, 40.

"ಮಿಸ್, ನೀವು ಎರಡರಷ್ಟು ಅಂದ್ರಿ. ಹಂಗಾದ್ರೆ 80 ಬರ್ಬೇಕಿತ್ತಲ್ವಾ? ಮೂರು ಸಲ ಅಳ್ದೆ. ನಂದು ತಪ್ಪಾ?"

ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. "ನಾಳೆ ಹೇಳ್ತೀನಿ" ಅಂದೆ.

ಬಸ್ಸಿನಲ್ಲಿ ಕೂತಾಗ ಹಳೇ ಆಫೀಸು ನೆನಪಾಯಿತು. ಗಿರಾಕಿಗಳ ಮುಂದೆ ನಾವು ಡೆಮೊ ಕೊಡ್ತಿದ್ದೆವು. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಅಂತ ಮೊದಲೇ ಗೊತ್ತಿರೋದರಿಂದ ಡೆಮೊ ಯಾವಾಗಲೂ ಚೆನ್ನಾಗೇ ಆಗುತ್ತೆ. ಚಪ್ಪಾಳೆ ಬೀಳುತ್ತೆ. ಗಿರಾಕಿ ತಾನೇ ಕೂತು ಬಳಸಲು ಹೊರಟಾಗ ಗೊತ್ತಾಗೋದು ನಿಜವಾದ ಸಂಗತಿ. ಈ ಮಕ್ಕಳಿಗೆ ನಾನು ಕೊಟ್ಟಿದ್ದೂ ಡೆಮೊನೇ. ಅವರು ಮಾಡಬೇಕಾದ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡಿ ಮುಗಿಸಿತ್ತು. ಅದು ಕೋನ ಅಳೆಯೋದೂ ಇಲ್ಲ, ಲೆಕ್ಕ ಹಾಕಿ ತೋರಿಸುತ್ತೆ. ಅದರ 80 ಯಾವತ್ತೂ 78 ಆಗಲ್ಲ. ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ. ಇಡೀ ಕ್ಲಾಸಿನಲ್ಲಿ ಅನುಮಾನ ಬಂದಿದ್ದು ಫೋನ್ ಸಿಗದ ಒಬ್ಬಳಿಗೆ. ಅವಳನ್ನು ನಾನು ನಿಲ್ಲಿಸಿದ್ದೆ.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "2020ರಲ್ಲಿ ಚಂದನ ಟೀವಿಲಿ ಸಂವೇದ ಪಾಠ ಬರ್ತಿತ್ತಲ್ಲ, ಒಳ್ಳೇ ಪಾಠಗಳೇ. ಆದ್ರೆ ಮಗು ಮುಖ ಸಪ್ಪೆ ಮಾಡಿದ್ದು ಟೀವಿಗೆ ಕಾಣಲ್ಲಮ್ಮ. ಆಮೇಲೆ ವಿದ್ಯಾಗಮ ಅಂತ ಗುಡಿ ಜಗಲಿ, ಮರದ ಕೆಳಗೆ ಕೂರಿಸ್ಕೊಂಡು ಹೇಳಿಕೊಟ್ವಿ. ಆಗಲೇ ಗೊತ್ತಾಗಿದ್ದು, ಟೀವಿ ಯಾರ ಮನೇಲಿದೆ, ಯಾರ ಮನೇಲಿಲ್ಲ ಅಂತ. ನೀನು ಎರಡೇ ದಿನಕ್ಕೆ ತಿಳ್ಕೊಂಡೆ, ಬಿಡು."

ಕ್ಲಾಸಿಗೆ ಹೋಗಿ ಮೊದಲು ಮಾಡಿದ ಕೆಲಸ ಕ್ಷಮೆ ಕೇಳಿದ್ದು. ಬೈದದ್ದು ಎಲ್ಲರ ಮುಂದೆ, ಕ್ಷಮೆಯೂ ಎಲ್ಲರ ಮುಂದೆಯೇ ಆಗಬೇಕಲ್ಲ. "ನೆನ್ನೆ ನಾನು ವಿಚಾರಿಸದೆ ಬೈದೆ, ನಂದು ತಪ್ಪು" ಅಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಆ ಹುಡುಗಿ ತಲೆ ತಗ್ಗಿಸಿದಳು. ಅವಳ ವೃತ್ತವನ್ನು ಎಲ್ಲರಿಗೂ ತೋರಿಸಿ, ಅವಳ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ: 78 ಬಂದರೆ ತಪ್ಪಾ?

ಪ್ರೊಜೆಕ್ಟರ್ ಹಾಕಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ವೃತ್ತ ಬರೆದು, ತಮಗಿಷ್ಟ ಬಂದ ಕಡೆ ಬಿಂದು ಇಟ್ಟು ಅಳೆಯಬೇಕು. ಕೈವಾರ ಇಲ್ಲದವರಿಗೆ ಬಳೆ, ಡಬ್ಬಿ ಮುಚ್ಚಳ. ಕೇಂದ್ರ ಹುಡುಕೋದನ್ನು ಅವಳೇ ಹೇಳಿಕೊಟ್ಟಳು. ಒಬ್ಬೊಬ್ಬರೇ ಬಂದು ತಮ್ಮ ಎರಡು ಅಳತೆ ನನ್ನ ಲ್ಯಾಪ್‌ಟಾಪಿನ ಎಕ್ಸೆಲ್ ಹಾಳೆಯಲ್ಲಿ ಟೈಪ್ ಮಾಡಿದರು. ಕೆಲವರಿಗೆ ಕೀಲಿಮಣೆ ಮುಟ್ಟಿದ್ದು ಅದೇ ಮೊದಲು. ಒಂದನ್ನು ಇನ್ನೊಂದರಿಂದ ಭಾಗಿಸುವ ಲೆಕ್ಕ ಕಂಪ್ಯೂಟರಿಗೆ ಬಿಟ್ಟೆ. ಆಮೇಲೆ ಪ್ರೊಜೆಕ್ಟರ್ ಹಾಕಿದೆ.

ಗೋಡೆಯ ಮೇಲೆ 38 ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ಮಗುವಿನದು. "ಅದು ನಂದು", "ನಂದೆಲ್ಲಿ ಮಿಸ್?" ಅಂತ ಗಲಾಟೆ. 1.95, 2.04, 1.93... ಹೆಚ್ಚುಕಮ್ಮಿ ಎಲ್ಲವೂ ಎರಡರ ಆಸುಪಾಸಿನಲ್ಲಿ ಇರುವೆ ಸಾಲಿನ ಹಾಗೆ ಕೂತಿದ್ದವು. ಒಂದು ಮಾತ್ರ ಕೆಳಗೆ, 0.77ರಲ್ಲಿ. ಯಾಕೆ ಅಂತ ನಾನು ಹೇಳುವ ಮೊದಲೇ ಒಬ್ಬ ಹುಡುಗ ಕಂಡುಹಿಡಿದ: ಕೋನಮಾಪಕದ ಒಳಗಿನ ಸಾಲು ಓದುವ ಬದಲು ಹೊರಗಿನ ಸಾಲು ಓದಿ, 50 ಇರಬೇಕಾದ ಕಡೆ 130 ಬರೆದಿದ್ದಾರೆ. 78 ಬಂದಿದ್ದಕ್ಕೂ ಉತ್ತರ ಅವರೇ ಹೇಳಿದರು. ಪೆನ್ಸಿಲ್ ಗೆರೆ ದಪ್ಪ ಇದೆ, ಮಡಿಕೆ ಒಂದು ಕೂದಲೆಳೆ ಆಚೀಚೆ ಆಗಿರುತ್ತೆ.

"ಹಾಗಾದ್ರೆ ಎರಡರಷ್ಟು ಅನ್ನೋದು ನಿಜ ಅಂತ ಒಪ್ಪಬಹುದಾ?" ಅಂತ ಕೇಳಿದೆ. ಅದೇ ಹುಡುಗಿ ಎದ್ದಳು. "38 ಜನಕ್ಕೆ ಬಂತು ಮಿಸ್. ಇನ್ನೊಬ್ರಿಗೆ ಬರ್ದೇ ಇದ್ರೆ?"

ಈ ಪ್ರಶ್ನೆಯ ಬೆಲೆ ಕೋಡ್ ಬರೆಯುವವರಿಗೆ ಗೊತ್ತು. ಸಾವಿರ ಟೆಸ್ಟ್ ಪಾಸಾದರೂ ಪ್ರೋಗ್ರಾಮಿನಲ್ಲಿ ತಪ್ಪೇ ಇಲ್ಲ ಅನ್ನೋ ಹಾಗಿಲ್ಲ. ಗಣಿತದಲ್ಲಿ ಸಾಧನೆ ಅಂತ ಒಂದು ಇರೋದೇ ಈ ಪ್ರಶ್ನೆಗಾಗಿ. ಪ್ರೊಜೆಕ್ಟರ್ ಆಫ್ ಮಾಡಿ ಚಾಕ್‌ಪೀಸ್ ಹಿಡಿದೆ. ವೃತ್ತದ ಮೇಲಿನ ಬಿಂದುವಿನಿಂದ ಕೇಂದ್ರದ ಮೂಲಕ ಒಂದು ಗೆರೆ. ಎಡಕ್ಕೊಂದು, ಬಲಕ್ಕೊಂದು ತ್ರಿಭುಜ. ಎರಡರಲ್ಲೂ ಎರಡು ಬಾಹುಗಳು ತ್ರಿಜ್ಯಗಳೇ ಆದ್ದರಿಂದ ಸಮ. ಹಾಗಾಗಿ ಅವುಗಳ ಎದುರಿನ ಕೋನಗಳೂ ಸಮ. ಕೇಂದ್ರದ ಹತ್ತಿರದ ಬಾಹ್ಯಕೋನ ಆ ಎರಡರ ಮೊತ್ತ, ಅಂದರೆ ಒಂದರ ಎರಡರಷ್ಟು. ಎರಡೂ ಕಡೆಯದನ್ನು ಕೂಡಿಸಿದರೆ ಮುಗಿಯಿತು. ಅಳತೆಯ ಮಾತೇ ಇಲ್ಲ. ಬಳೆ ಚಿಕ್ಕದಿರಲಿ, ಬಂಡಿಯ ಚಕ್ರವೇ ಇರಲಿ, ಅದೇ ಮಾತು.

ಜಿಯೋಜೀಬ್ರಾ ಅದರ ಮಾರನೇ ದಿನ ಮತ್ತೆ ಬಂತು. ಬಿಂದುವನ್ನು ಎಳೆಯುತ್ತಾ ಹೋದರೆ ಒಂದು ಕಡೆ ಕೇಂದ್ರವು ಆ ಕೋನದಿಂದ ಹೊರಗೆ ಬೀಳುತ್ತೆ. ಆಗ ನಾವು ಕೂಡಿಸಿದ ಲೆಕ್ಕ ನಡೆಯಲ್ಲ, ಕಳೆಯಬೇಕಾಗುತ್ತೆ. ಅದೇ ಚಿತ್ರ, ಅದೇ ಬಿಂದು. ಆದರೆ ಈ ಸಲ ಮಕ್ಕಳು "ನಿಲ್ಸಿ ಮಿಸ್, ಹಿಂದಕ್ಕೆ ಎಳೀರಿ" ಅಂತ ಕೂಗುತ್ತಿದ್ದರು. ಏನು ನೋಡಬೇಕು ಅಂತ ಅವರಿಗೆ ಗೊತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಎಲ್ಲರೂ ಪ್ರಮೇಯ ಕಲಿತುಬಿಟ್ಟರು ಅಂತ ಬರೆದರೆ ನೀವು ನಂಬಬೇಡಿ. ಮುಂದಿನ ವಾರ ಸಾಧನೆಯನ್ನು ಪೂರ್ತಿ ಬರೆದವರು ಹದಿನೇಳು ಜನ. ಉಳಿದವರ ಜೊತೆ ಊಟದ ಬಿಡುವಿನಲ್ಲಿ ಕೂತೆ. ಎರಡನೇ ಪಾಠಕ್ಕೆ ನನಗೆ ಅಂಕ ಕೊಡಲು ಯಾರೂ ಬಂದಿರಲಿಲ್ಲ.

ವಾಟ್ಸಾಪಿನಲ್ಲಿ ಹೋಂವರ್ಕ್ ಕಳಿಸೋದನ್ನು ಬಿಟ್ಟೆ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ಆ್ಯಪಿನ ವಿಡಿಯೊ ನೋಡಬೇಕಿದ್ದರೆ ಶಾಲೆಯಲ್ಲೇ, ನನ್ನ ಫೋನಿನಲ್ಲಿ, ನಾಲ್ಕೈದು ಜನ ಒಟ್ಟಿಗೆ ಕೂತು ನೋಡ್ತೀವಿ. ಪಾಠಯೋಜನೆ ಬರೆಯುವಾಗ ಅಂಚಿನಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೀನಿ: ಈ ಯಂತ್ರ ಮಾಡ್ತಿರೋ ಕೆಲಸ ನನ್ನದಾ, ಮಗುವಿನದಾ? ನನ್ನದಾದರೆ ಮಾಡಲಿ. 38 ಭಾಗಾಕಾರ ಮಾಡಲಿ, ಚುಕ್ಕೆ ಇಡಲಿ. ಮಗುವಿನದಾದರೆ ಅದನ್ನು ಮಗುವಿಗೇ ಬಿಡಬೇಕು, ಎಷ್ಟೇ ಹೊತ್ತಾಗಲಿ.

ಇಂಟರ್ನ್‌ಶಿಪ್ ಮುಗಿದ ದಿನ ಮಕ್ಕಳು ಪೆನ್ನು, ಹೂವು ಕೊಟ್ಟರು. ಆ ಹುಡುಗಿಗೆ ಒಂದು ಕೈವಾರ ಕೊಡಬೇಕು ಅಂತ ತಂದಿದ್ದೆ. ಅವಳೊಬ್ಬಳಿಗೇ ಕೊಟ್ಟರೆ ಮತ್ತೆ ಎಲ್ಲರ ಮುಂದೆ ನಿಲ್ಲಿಸಿದ ಹಾಗಾಗುತ್ತೆ ಅನ್ನಿಸಿತು. ಹತ್ತು ಕೈವಾರ ಕೊಂಡು ಕ್ಲಾಸಿನ ಬೀರುವಿನಲ್ಲಿಟ್ಟು, ಬೀಗದ ಕೈ ಅವಳ ಕೈಗೆ ಕೊಟ್ಟು ಬಂದೆ.