ಕೆಲಸಕ್ಕೆ ಕೊಟ್ಟ ಅಧಿಕಾರ

ಕುಷ್ಟಗಿಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಅಂಗವಾಗಿ ಒಂಬತ್ತನೆಯ ತರಗತಿಗೆ ಲಿನಕ್ಸ್‌ನ ಕಡತ ಅನುಮತಿಗಳ ಪಾಠ ಮಾಡಿದೆ. ಪಾಸ್‌ವರ್ಡ್‌ಗಳ ಗೂಢರೂಪವಿರುವ ‘ಶ್ಯಾಡೋ’ ಕಡತವನ್ನು ಸಾಮಾನ್ಯ ಬಳಕೆದಾರರು ಓದಲೂ ಆಗದು, ತಿದ್ದಲೂ ಆಗದು ಎಂದಾಗ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಹಂಗಾದ್ರ ನಮ್ಮ ಪಾಸ್‌ವರ್ಡ್ ನಾವ ಹೆಂಗ ಬದಲಿ ಮಾಡ್ತೀವ್ರಿ ಸರ್?”

ಪಾಠದ ತಿರುಳೇ ಆ ಪ್ರಶ್ನೆಯಲ್ಲಿತ್ತು. ಮಕ್ಕಳಿಗೆ ಗೊತ್ತಿರುವ ಪಹಣಿಯ ಉದಾಹರಣೆ ಕೊಟ್ಟೆ. ಪಹಣಿಯಲ್ಲಿ ರೈತ ತಾನೇ ಬರೆಯುವಂತಿಲ್ಲ. ಅರ್ಜಿ ಕೊಟ್ಟರೆ ಅಧಿಕಾರವುಳ್ಳವರು ಪರಿಶೀಲಿಸಿ ಅವನ ಹೊಲದ ವಿವರವನ್ನಷ್ಟೇ ತಿದ್ದುತ್ತಾರೆ.

ನಂತರ ಟರ್ಮಿನಲ್‌ನಲ್ಲಿ ‘ಎಲ್‌ಎಸ್’ ಆದೇಶಕ್ಕೆ ‘ಎಲ್’ ಆಯ್ಕೆ ಸೇರಿಸಿ, ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಂನ ಕಡತವನ್ನು ನೋಡಿದೆವು. ಒಡೆಯನ ಅನುಮತಿಗಳಲ್ಲಿ ‘ಎಕ್ಸ್’ ಇರುವ ಜಾಗದಲ್ಲಿ ‘ಎಸ್’ ಇತ್ತು. ಯಾರು ಚಲಾಯಿಸಿದರೂ ಆ ಪ್ರೋಗ್ರಾಂ ತನ್ನ ಒಡೆಯನಾದ ‘ರೂಟ್’ನ ಅಧಿಕಾರದಿಂದ ನಡೆಯುತ್ತದೆ ಎಂಬುದರ ಗುರುತು ಅದು. ಡೆನ್ನಿಸ್ ರಿಚಿ ರೂಪಿಸಿದ ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ದೊರೆಯಿತು. ‘ಪಿಂಗ್’ನಲ್ಲಿ ಮಾತ್ರ ‘ಎಸ್’ ಇರಲಿಲ್ಲ. ‘ಗೆಟ್‌ಕ್ಯಾಪ್’ ಆದೇಶ ಕೊಟ್ಟಾಗ, ಜಾಲಕ್ಕೆ ಕಚ್ಚಾ ಪ್ಯಾಕೆಟ್ ಕಳಿಸುವ ಒಂದೇ ಅಧಿಕಾರ ಅದಕ್ಕಿರುವುದು ಕಂಡಿತು. ಇಡೀ ಗೊಂಚಲಿನ ಬದಲು ಒಂದೇ ಕೀಲಿಕೈ!

“ಇದನ್ನ ನೋಡಾಕ ರೂಟ್ ಆಗಬೇಕೇನ್ರಿ?” ಎಂದಳು ಅದೇ ಹುಡುಗಿ. ಬೇಕಿಲ್ಲ, ಯಾವ ಪ್ರೋಗ್ರಾಂಗೆ ಎಷ್ಟು ಅಧಿಕಾರವಿದೆ ಎಂಬುದನ್ನು ಸಾಮಾನ್ಯ ಬಳಕೆದಾರರೂ ನೋಡಬಹುದು.

ಮೌಲ್ಯಮಾಪನಕ್ಕೆ ಆದೇಶಗಳ ಹೆಸರು ಕೇಳಲಿಲ್ಲ. “ಈ ಪ್ರೋಗ್ರಾಂಗೆ ಈ ಅಧಿಕಾರ ಏಕೆ ಬೇಕು?” ಎಂದು ಕೇಳಿದೆ. ಅಧಿಕಾರ ವ್ಯಕ್ತಿಗಲ್ಲ, ಕೆಲಸಕ್ಕೆ ಎಂದು ತಿಳಿದ ಮಗು ಆ ಪ್ರಶ್ನೆಯನ್ನು ಗಣಕಯಂತ್ರದ ಹೊರಗೂ ಕೇಳಬಲ್ಲದು.