ತನ್ನ ವಿಷಯ ತಾನೇ ಹೇಳಿಕೊಳ್ಳುವುದು

ಮಹಾಭಾರತದ ಕರ್ಣಪರ್ವದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಕರ್ಣನ ಬಾಣಗಳಿಂದ ನೊಂದು ಬಿಡಾರ ಸೇರಿದ್ದ ಧರ್ಮರಾಯನು ಅರ್ಜುನನ ಮೇಲೆ ಸಿಟ್ಟಾಗಿ, ನಿನ್ನ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಡು ಎಂದುಬಿಡುತ್ತಾನೆ. ಹಾಗೆಂದವರ ತಲೆ ತೆಗೆಯುವೆನೆಂದು ಅರ್ಜುನನ ಪ್ರತಿಜ್ಞೆ. ಕೃಷ್ಣ ನಡುವೆ ಬಂದು, ಹಿರಿಯರನ್ನು ಏಕವಚನದಲ್ಲಿ ಜರೆದರೆ ಅದೇ ಕೊಂದಂತೆ ಎಂದು ಉಪಾಯ ಹೇಳುತ್ತಾನೆ. ಜರೆದದ್ದಾಯಿತು. ಅಣ್ಣನನ್ನು ಜರೆದೆನಲ್ಲಾ ಎಂದು ಅರ್ಜುನ ತನ್ನ ಕತ್ತನ್ನೇ ಕತ್ತರಿಸಿಕೊಳ್ಳಲು ಹೊರಟಾಗ ಕೃಷ್ಣನ ಎರಡನೆಯ ಉಪಾಯ: ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆ!

ಈ ಕಥೆಯನ್ನು ಓದದ ಮನೆಗಳಲ್ಲೂ ಈ ನೀತಿ ಮಾತ್ರ ಜೀವಂತವಾಗಿದೆ. 'ನಮ್ಮ ಬಗ್ಗೆ ನಾವೇ ಹೇಳ್ಕೋಬಾರ್ದು' ಎಂಬುದು ತ್ಯಾಮಗೊಂಡ್ಲುವಿನ ಸುತ್ತಮುತ್ತಲ ಹಳ್ಳಿಗಳಿಂದ ನಮ್ಮ ತರಗತಿಗೆ ಬರುವ ಮಕ್ಕಳಿಗೆ ಹಾಲಿನ ಜೊತೆಯಲ್ಲಿಯೇ ಬಂದ ಪಾಠ. ಇಂಥವರು ಡಿಗ್ರಿಯ ಕೊನೆಯ ವರ್ಷಕ್ಕೆ ಬಂದೊಡನೆ, 'ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲು ಮಾಡಿಕೊಳ್ಳಿ, ನಿಮ್ಮ ಗುಣವಿಶೇಷಗಳನ್ನು ಲೋಕಕ್ಕೆ ತಿಳಿಸಿ' ಎಂಬ ಬುದ್ಧಿವಾದ ನಾಲ್ಕು ಕಡೆಯಿಂದಲೂ ಬರುತ್ತದೆ. ಇಪ್ಪತ್ತು ವರ್ಷ ಬಾಯಿ ಮುಚ್ಚಿಸಿ, ಒಂದು ಬೆಳಗ್ಗೆ ಎದ್ದು ಭಾಷಣ ಮಾಡು ಎಂದರೆ ಹೇಗೆ?

ತಿಳಿಯದವರಿಗಾಗಿ ಎರಡು ಮಾತು. ಲಿಂಕ್ಡ್‌ಇನ್ ಎಂಬುದು ಉದ್ಯೋಗಸ್ಥರ ಸಂತೆ. ಅಮೆರಿಕದಲ್ಲಿ 2002ರ ಕೊನೆಯಲ್ಲಿ ಹುಟ್ಟಿ, 2003ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. 2016ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಇದನ್ನು 2,620 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರ ಹೊತ್ತಿಗೆ ಸದಸ್ಯರ ಸಂಖ್ಯೆ 100 ಕೋಟಿ ದಾಟಿತು. ಅಮೆರಿಕದ ನಂತರ ಅತಿ ಹೆಚ್ಚು ಸದಸ್ಯರಿರುವುದು ನಮ್ಮ ದೇಶದಲ್ಲಿ. ಒಬ್ಬೊಬ್ಬರಿಗೂ ಒಂದು ಪುಟ. ಅದರಲ್ಲಿ ಭಾವಚಿತ್ರ, ಹೆಸರಿನ ಕೆಳಗೆ 220 ಅಕ್ಷರಗಳ ಒಂದು ತಲೆಬರಹ, 'ನನ್ನ ಬಗ್ಗೆ' ಎಂದು ಹೇಳಿಕೊಳ್ಳಲು 2,600 ಅಕ್ಷರ, ಓದಿದ್ದು, ಮಾಡಿದ್ದು, ಬಲ್ಲದ್ದು. ಕೆಲಸ ಕೊಡುವವರೂ ಬೇಡುವವರೂ ಅಲ್ಲಿ ಅಡ್ಡಾಡುತ್ತಿರುತ್ತಾರೆ.

ಕನ್ನಡದ ಮೇಷ್ಟರಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಬರವಣಿಗೆ ಎಂದೊಡನೆ ಮಕ್ಕಳು ಹುಡುಕಿಕೊಂಡು ಬರುವುದು ಭಾಷೆಯ ಮೇಷ್ಟರನ್ನೇ. ಬಂದವರನ್ನು ಹಿಂದಕ್ಕೆ ಕಳಿಸುವುದು ನನ್ನಿಂದಾಗದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದರ ಹೆಸರು ವಶೀಲಿ.

ನಮ್ಮೂರು ನೆಲಮಂಗಲ ತಾಲ್ಲೂಕಿನ ಒಂದು ಹೋಬಳಿ. ಒಂದು ಕಡೆ ದಾಬಸ್‌ಪೇಟೆಯ ಕಾರ್ಖಾನೆಗಳು, ಇನ್ನೊಂದು ಕಡೆ ಬೆಂಗಳೂರು. ಎರಡಕ್ಕೂ ಬಸ್ಸಿದೆ. ಆದರೆ ಬಸ್ಸು ಇಳಿದ ಮೇಲೆ ಯಾರ ಹೆಸರು ಹೇಳಬೇಕು? ಬೆಂಗಳೂರಿನ ಬಡಾವಣೆಯಲ್ಲಿ ಬೆಳೆದ ಹುಡುಗನಿಗೆ ಸೋದರಮಾವ ಒಂದು ಕಂಪೆನಿಯಲ್ಲಿ, ಪಕ್ಕದ ಮನೆಯವರು ಇನ್ನೊಂದರಲ್ಲಿ. ಊಟಕ್ಕೆ ಕೂತಾಗಲೇ ಎಲ್ಲಿ ಕೆಲಸ ಖಾಲಿಯಿದೆ ಎಂಬುದು ಕಿವಿಗೆ ಬಿದ್ದಿರುತ್ತದೆ. ಅದಕ್ಕೆ ವಶೀಲಿ ಎಂಬ ಹೆಸರನ್ನೂ ಅವನು ಕೊಡಬೇಕಾಗಿಲ್ಲ. ನಮ್ಮ ತರಗತಿಯ ಹುಡುಗಿಗೆ ಸೋದರಮಾವನಿದ್ದಾನೆ, ರಾಗಿ ಹೊಲದಲ್ಲಿದ್ದಾನೆ. ಅವನ ಪ್ರೀತಿ ದೊಡ್ಡದು. ಆದರೆ ಕಾರ್ಖಾನೆಯ ಗೇಟಿನ ಒಳಗಿನ ಸುದ್ದಿ ಅವನಿಗೆ ಹೇಗೆ ತಿಳಿಯಬೇಕು?

ಸುದ್ದಿ ಹರಿಯುವ ಈ ದಾರಿಯನ್ನು ಕುರಿತು ಮಾರ್ಕ್ ಗ್ರನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಬಂಧ ಬರೆದರು. ಬಾಸ್ಟನ್ ಬಳಿಯ ಒಂದು ಊರಿನಲ್ಲಿ, ಪರಿಚಿತರ ಮೂಲಕ ಕೆಲಸ ಪಡೆದಿದ್ದವರನ್ನು, ಆ ಪರಿಚಿತರನ್ನು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಅವರು ಕೇಳಿದರು. ಪದೇ ಪದೇ ಕಾಣುತ್ತಿದ್ದೆವು ಎಂದವರು ನೂರಕ್ಕೆ 17 ಮಾತ್ರ. ಯಾವಾಗಲೋ ಒಮ್ಮೊಮ್ಮೆ ಎಂದವರು 56. ತೀರ ಅಪರೂಪ ಎಂದವರು 28ರಷ್ಟು. ಕಾರಣ ಸುಲಭ: ನಮ್ಮ ಆಪ್ತರಿಗೆ ತಿಳಿದದ್ದೆಲ್ಲ ನಮಗೂ ತಿಳಿದೇ ಇರುತ್ತದೆ, ಹೊಸ ಸುದ್ದಿ ಬರುವುದು ಅರೆಪರಿಚಿತರಿಂದ. 2022ರಲ್ಲಿ, ಲಿಂಕ್ಡ್‌ಇನ್‌ನ ಎರಡು ಕೋಟಿ ಸದಸ್ಯರ ಐದು ವರ್ಷಗಳ ವ್ಯವಹಾರವನ್ನು ಪರಿಶೀಲಿಸಿದ ವಿದ್ವಾಂಸರು 'ಸೈನ್ಸ್' ಪತ್ರಿಕೆಯಲ್ಲಿ ಇಂಥದೇ ಮಾತನ್ನು ಬರೆದರು: ಹೊಸ ಕೆಲಸಕ್ಕೆ ಹೆಚ್ಚು ನೆರವಾದದ್ದು ಹತ್ತಿರದವರೂ ಅಲ್ಲ, ಪೂರ್ತಿ ದೂರದವರೂ ಅಲ್ಲ, ಸ್ವಲ್ಪ ದೂರದ ಪರಿಚಿತರು. ನಮ್ಮ ಮಕ್ಕಳಿಗೆ ಇಲ್ಲದಿರುವುದು ಇವರೇ. ಹಾಗಾಗಿ ಈ ಸಂತೆಯನ್ನು ಹೊಟ್ಟೆ ತುಂಬಿದವರ ಷೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕಳೆದ ವರ್ಷ ಬಿ.ಕಾಂ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ತಾನು ಬರೆದದ್ದನ್ನು ಫೋನಿನಲ್ಲಿ ತೋರಿಸಿದಳು. ಉತ್ಸಾಹಿ, ಪರಿಶ್ರಮಿ, ಕ್ರಿಯಾಶೀಲೆ, ಸವಾಲುಗಳನ್ನು ಪ್ರೀತಿಸುವವಳು ಎಂಬರ್ಥದ ಇಂಗ್ಲಿಷ್ ವಿಶೇಷಣಗಳು ಜಾತ್ರೆಯ ತೇರಿನ ಬಾವುಟಗಳ ಹಾಗೆ ಸಾಲಾಗಿ ಹಾರಾಡುತ್ತಿದ್ದವು. ಗೆಳತಿಯ ಪುಟದಿಂದ ಇಳಿಸಿಕೊಂಡದ್ದಂತೆ.

'ಇದು ಇರಲಿ. ನೀನು ಏನು ಕೆಲಸ ಮಾಡಿದ್ದೀಯಮ್ಮ?' ಎಂದೆ.

'ನಾನೇನೂ ಮಾಡಿಲ್ಲ ಸಾರ್. ಮನೇಲೇ ಇರ್ತೀನಿ.'

'ಬೆಳಗ್ಗೆ ಎದ್ದು ಏನು ಮಾಡ್ತೀಯ?'

'ಡೈರೀಗೆ ಹೋಗ್ತೀನಿ ಸಾರ್. ಅಮ್ಮ ಸೆಕ್ರೆಟರಿ. ಹಾಲು ಹಾಕೋರ ಲೆಕ್ಕ ಬರ್ಕೊಡ್ತೀನಿ.'

ಕೆದಕಿದಷ್ಟೂ ಹೊರಬಂತು. ಊರಿನ ಮಹಿಳಾ ಹಾಲು ಉತ್ಪಾದಕರ ಸಂಘ. ಹಾಲು ಹಾಕುವವರು 80 ಮಂದಿ. ಬೆಳಗ್ಗೆ ಸಂಜೆ ಎರಡು ಹೊತ್ತು ಅಳತೆ, ಫ್ಯಾಟು ನೋಡುವುದು, ಅದರ ಮೇಲೆ ದರ ಕಟ್ಟುವುದು, ಪಶು ಆಹಾರಕ್ಕೆ ಕೊಟ್ಟ ಮುಂಗಡ ಮುರಿದುಕೊಂಡು ಬಟವಾಡೆಯ ಪಟ್ಟಿ ಮಾಡುವುದು. ಎರಡು ವರ್ಷದಿಂದ ಇವಳದೇ ಕೈಬರಹ. ಲೆಕ್ಕದಲ್ಲಿ ಒಂದು ರೂಪಾಯಿ ಏರುಪೇರಾದರೆ ಕೇಳುವುದಕ್ಕೆ 80 ಬಾಯಿಗಳಿವೆ. ಇವಳು 'ಏನೂ ಮಾಡಿಲ್ಲ'ವಂತೆ!

'ಇದನ್ನೇ ಬರಿ' ಎಂದೆ. ಮೊದಲು ಕನ್ನಡದಲ್ಲಿ ಬರೆಸಿದೆ. ಕನ್ನಡದಲ್ಲಿ ಬರೆಯುವಾಗ ಒಂದು ಅನುಕೂಲ: ಎರವಲು ವಿಶೇಷಣಗಳು ನಾಲಗೆಗೆ ಹೊಂದದೆ ತಾವಾಗಿಯೇ ಉದುರಿಹೋಗುತ್ತವೆ, ಮಾಡಿದ ಕೆಲಸ ಮಾತ್ರ ಉಳಿಯುತ್ತದೆ. ಆಮೇಲೆ ಅದನ್ನು ಇಂಗ್ಲಿಷಿಗೆ ತಿರುಗಿಸಲು ಇಂಗ್ಲಿಷ್ ಅಧ್ಯಾಪಕ ಮಿತ್ರರು ಕೈಜೋಡಿಸಿದರು.

ಅವಳ ಅಳುಕು ಮಾತ್ರ ಹೋಗಲಿಲ್ಲ. 'ಜಂಬ ಅನ್ನಲ್ವಾ ಸಾರ್?' ಎಂದಳು. ಅವಳಿಗೆ ಬೇಲೂರಿನ ಮಾತು ಹೇಳಿದೆ. ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಆ ದೇವಾಲಯದಲ್ಲಿ ಎಷ್ಟೋ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆಯಿಂದ ಬಂದವನು ಎಂದು ಊರನ್ನೂ ಬಿಡದೆ ಹೇಳಿಕೊಂಡಿದ್ದಾನೆ. ಮುಂದಿನ ಶತಮಾನದ ಮಲ್ಲಿತಮ್ಮನ ಹೆಸರು ಸೋಮನಾಥಪುರವೂ ಸೇರಿ ಹಲವು ಗುಡಿಗಳಲ್ಲಿದೆ. ಪ್ರತಿಸ್ಪರ್ಧಿ ಶಿಲ್ಪಿಗಳನ್ನು ಹಳಿಯುವ ಬಿರುದುಗಳನ್ನು ಕೆತ್ತಿಕೊಂಡವರೂ ಅವರಲ್ಲಿದ್ದರು; ಸಂತೆಯ ಗದ್ದಲ ಆಗಲೂ ಇತ್ತು! ಆದರೆ ನಾವು ಅವರನ್ನು ಜಂಬಗಾರರು ಎನ್ನುವುದಿಲ್ಲ. ಏಕೆಂದರೆ ಹೆಸರಿನ ಮೇಲೆ ವಿಗ್ರಹವಿದೆ. ಹೆಸರು ಕೆತ್ತದವರ ಕೆಲಸವೂ ಅಲ್ಲೇ ಇದೆ, ಅಷ್ಟೇ ಸುಂದರವಾಗಿದೆ. ಅವರು ಯಾರೆಂಬುದು ಮಾತ್ರ ಯಾರಿಗೂ ತಿಳಿಯದು. ಕೃಷ್ಣನು ಆತ್ಮಹತ್ಯೆ ಎಂದದ್ದು ಹೊಗಳಿಕೆಯನ್ನು. ಮಾಡಿದ ಕೆಲಸಕ್ಕೆ ಸಹಿ ಹಾಕುವುದನ್ನಲ್ಲ.

ಈ ಭೇದ ತಿಳಿದರೆ ಉಳಿದದ್ದು ಕಷ್ಟವಲ್ಲ. ತಲೆಬರಹದಲ್ಲಿ 'ನಾಯಕತ್ವದ ಪರಿಣತ' ಎಂದು ನಿನ್ನೆ ಕೆಲಸಕ್ಕೆ ಸೇರಿದವರೂ ಬರೆದುಕೊಳ್ಳುತ್ತಾರೆ. 'ಹಾಲಿನ ಸಂಘದ ಲೆಕ್ಕಪತ್ರ ಬಲ್ಲ ಬಿ.ಕಾಂ. ವಿದ್ಯಾರ್ಥಿನಿ' ಎಂಬುದು ಅದಕ್ಕಿಂತ ತೂಕದ ಮಾತು. ಸಂಪರ್ಕಗಳ ಲೆಕ್ಕವನ್ನೂ ಹಿಗ್ಗಿಸಬೇಕಾಗಿಲ್ಲ. 500 ದಾಟಿದರೆ ಆ ಪುಟ '500+' ಎಂದಷ್ಟೇ ತೋರಿಸಿ ಸುಮ್ಮನಾಗುತ್ತದೆ. ಕಂಡಕಂಡವರ ಬಾಗಿಲು ತಟ್ಟುವ ಬದಲು, ನಮ್ಮ ಕಾಲೇಜಿನಲ್ಲೇ ಓದಿ ಹೋದವರನ್ನು ಹುಡುಕಿ, ತಾನು ಯಾರು, ಏನು ತಿಳಿಯಬೇಕಾಗಿದೆ ಎಂದು ಎರಡು ಸಾಲು ಬರೆದು ಪರಿಚಯ ಕೇಳುವುದು ಲೇಸು.

ಶಿಫಾರಸಿನ ವಿಷಯವೂ ಹೀಗೆಯೇ. 2012ರಲ್ಲಿ ಅಲ್ಲಿ ಒಂದು ಏರ್ಪಾಡು ಬಂತು: ಪರಿಚಿತರ ಕೌಶಲಕ್ಕೆ ಒಂದು ಗುಂಡಿ ಒತ್ತಿ ಸಾಕ್ಷಿ ನುಡಿಯುವುದು. ಒತ್ತುವುದಕ್ಕೆ ಖರ್ಚಿಲ್ಲ, ಆದ್ದರಿಂದ ಬೆಲೆಯೂ ಕಡಮೆ. ಬಲ್ಲವರೊಬ್ಬರು ಹೆಸರು ಹಾಕಿ ಬರೆಯುವ ನಾಲ್ಕು ಸಾಲಿನ ತೂಕವೇ ಬೇರೆ. ಆದಿಕವಿ ಪಂಪನಿಗೆ ಅಂಥ ಭಾಗ್ಯವಿತ್ತು. ಅವನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರಿಕ್ಯಾಲದ ಬಳಿ ಬಂಡೆಯ ಮೇಲೆ ಅಣ್ಣನ ಕೀರ್ತಿಯನ್ನು ಕೆತ್ತಿಸಿದ, ಅದೂ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿ. ಅರಿಕೇಸರಿಯು ಪಂಪನಿಗೆ ಧರ್ಮಪುರವೆಂಬ ಅಗ್ರಹಾರ ಕೊಟ್ಟದ್ದು ಅದರಲ್ಲಿದೆ. ಬರಿಯ ಹೊಗಳಿಕೆಯಲ್ಲ, ಊರ ಹೆಸರು ಸಹಿತ ಪುರಾವೆ. ನಮ್ಮ ಹುಡುಗಿಗೆ ಸಂಘದ ಅಧ್ಯಕ್ಷೆ ಬರೆಯುವ ಕಾಗದ ಈ ಜಾತಿಯದು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಸಂತೆಯೆಂದ ಮೇಲೆ ಜೇಬುಗಳ್ಳರೂ ಇರುತ್ತಾರೆ. ಕೆಲಸ ಕೊಡಿಸುತ್ತೇವೆ, ತರಬೇತಿಗೆ ಇಷ್ಟು ಹಣ ಕಟ್ಟಿ ಎನ್ನುವವರು ಅಲ್ಲಿಯೂ ಸುಳಿದಾಡುತ್ತಾರೆ. ಸಂಬಳ ಕೊಡುವ ಕಂಪೆನಿ ಮೊದಲು ಸಂಬಳ ಕೇಳುವುದಿಲ್ಲ. ಹಸು ಮಾರಿ ಫೀಸು ಕಟ್ಟಿದ ಮನೆಯ ಮಕ್ಕಳಿಗೆ ಈ ಮಾತನ್ನು ನಾನು ಎರಡು ಸಲ ಹೇಳುತ್ತೇನೆ.

ಆ ವಿದ್ಯಾರ್ಥಿನಿ ಹಳೆಯ ವಿದ್ಯಾರ್ಥಿಗಳಲ್ಲಿ ಹತ್ತು ಜನಕ್ಕೆ ಬರೆದಳು. ಒಂಬತ್ತು ಮಂದಿ ಉತ್ತರಿಸಲಿಲ್ಲ. ಹತ್ತನೆಯವರು ದಾಬಸ್‌ಪೇಟೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿರುವವರು; ಅವಳು ಎಂದೂ ಕಂಡವರಲ್ಲ. ಅವರು ಬರೆದರು: ಮುಂಗಡ ಮುರಿದುಕೊಳ್ಳುವಾಗ ಹಾಲು ಕಡಮೆಯಾದವರ ಬಾಕಿಯನ್ನು ನೀವು ಹೇಗೆ ಮುಂದಕ್ಕೆ ಹಾಕುತ್ತೀರಿ? ಹುಡುಗಿ ಒಂದು ಪುಟ ಉತ್ತರ ಬರೆದಳು. ಬರುವ ತಿಂಗಳು ಜಾಗ ಖಾಲಿಯಾಗಬಹುದು, ಒಮ್ಮೆ ಬಂದು ಕಾಣಿ ಎಂದು ಅವರಿಂದ ಮರು ಉತ್ತರ ಬಂತು.

ಆ ಕೆಲಸ ಅವಳಿಗೆ ಆಗುತ್ತದೆಯೋ ಇಲ್ಲವೋ, ಇನ್ನೂ ತಿಳಿಯದು. ಸುದ್ದಿ ಹೇಳಲು ಬಂದವಳ ಆಶ್ಚರ್ಯ ಅದರ ಬಗ್ಗೆ ಆಗಿರಲೂ ಇಲ್ಲ.

'ಅವರು ಕೇಳಿದ್ದೆಲ್ಲ ನಮ್ಮ ಡೈರಿ ಲೆಕ್ಕಾನೇ ಸಾರ್' ಎಂದಳು.