ಸುಳ್ಳು ಹೇಳುವ ಕಾವಲುಗಾರ

ಈ ಒಗಟು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎರಡು ಬಾಗಿಲು, ಇಬ್ಬರು ಕಾವಲುಗಾರರು. ಒಂದು ಬಾಗಿಲ ಹಿಂದೆ ಊರಿನ ದಾರಿ, ಇನ್ನೊಂದರ ಹಿಂದೆ ಹುಲಿ. ಒಬ್ಬ ಯಾವಾಗಲೂ ನಿಜವನ್ನೇ ಹೇಳುತ್ತಾನೆ, ಇನ್ನೊಬ್ಬ ಯಾವಾಗಲೂ ಸುಳ್ಳನ್ನೇ. ಯಾರು ಯಾರೆಂದು ನಮಗೆ ಗೊತ್ತಿಲ್ಲ. ಒಬ್ಬನಿಗೆ ಒಂದೇ ಪ್ರಶ್ನೆ ಕೇಳಬಹುದು.

ಕೇಳಬೇಕಾದದ್ದು ಇಷ್ಟೇ: “ಊರಿನ ದಾರಿ ಯಾವುದು ಅಂತ ಆ ಇನ್ನೊಬ್ಬನನ್ನ ಕೇಳಿದ್ರೆ ಅವನು ಯಾವ ಬಾಗಿಲು ತೋರಿಸ್ತಾನೆ?” ನಿಜದವನು ಸುಳ್ಳುಗಾರನ ಸುಳ್ಳನ್ನು ಇದ್ದ ಹಾಗೇ ಹೇಳುತ್ತಾನೆ. ಸುಳ್ಳುಗಾರ ನಿಜದವನ ಮಾತನ್ನು ತಿರುಗಿಸಿ ಹೇಳುತ್ತಾನೆ. ಯಾರನ್ನು ಕೇಳಿದರೂ ಹುಲಿಯ ಬಾಗಿಲೇ! ಆದ್ದರಿಂದ ಅವನು ತೋರಿಸದ ಬಾಗಿಲಿಗೆ ಹೋಗಬೇಕು. ಅಮೆರಿಕದ ರೇಮಂಡ್ ಸ್ಮಲ್ಯನ್ ಎಂಬ ತರ್ಕಶಾಸ್ತ್ರಜ್ಞರು ನಿಜ-ಸುಳ್ಳಿನ ಇಂಥ ಒಗಟುಗಳ ಪುಸ್ತಕವನ್ನು 1978ರಲ್ಲಿ ತಂದರು. ಅದರ ಹೆಸರೇ ‘ಈ ಪುಸ್ತಕದ ಹೆಸರೇನು?’ ಎಂದು.

ಇದನ್ನು ತಾತನಿಗೆ ಹೇಳಿದೆ. ತಾತ ನಕ್ಕು, “ಯಾವಾಗ್ಲೂ ಸುಳ್ಳು ಹೇಳೋನು ನಂಬಿಕಸ್ಥ ಕಣಮ್ಮಾ, ಉಲ್ಟಾ ಮಾಡ್ಕೊಂಡ್ರೆ ಆಯ್ತು. ನಾಕು ನಿಜದ ಜೊತೆ ಒಂದು ಸುಳ್ಳು ಸೇರಿಸೋನು ಬಂದ್ರೆ ಏನ್ ಮಾಡ್ತೀಯ?” ಅಂದರು.

ಅಂಥವನು ನಮ್ಮ ಮನೆಗೇ ಬಂದ. ನಾವು ರೇಷ್ಮೆ ಹುಳು ಸಾಕುವವರು. ಗೂಡು ಬಿಡಿಸಿದ ಮೇಲೆ ತಡಮಾಡುವ ಹಾಗಿಲ್ಲ, ಚಿಟ್ಟೆ ಕೊರೆದು ಹೊರಬಂದರೆ ನೂಲು ತುಂಡಾಗುತ್ತದೆ. ಸೊಪ್ಪು ಕೊಂಡ ಸಾಲ ಬೇರೆ ಇತ್ತು. ಒಬ್ಬ ವ್ಯಾಪಾರಿ ಬೈಕಿನಲ್ಲಿ ಬಂದು, “ಶಿಡ್ಲಘಟ್ಟದಲ್ಲಿ ರೇಟು ಬಿದ್ದೋಗಿದೆ, ಇಲ್ಲೇ ಕೊಟ್ಬಿಡಿ” ಅಂದ. ಹೋದ ಮಳೆಗಾಲದಲ್ಲಿ ಅವನು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಅಮ್ಮನಿಗೆ ಭಯ.

ಅಪ್ಪ ಸುಮ್ಮನೆ ಕೇಳಿದರು: “ನಿನ್ನೆ ಎಷ್ಟಿತ್ತಪ್ಪಾ?” ನಿನ್ನೆ ಪಕ್ಕದ ಮನೆಯವರು ಮಾರುಕಟ್ಟೆಗೆ ಹೋಗಿದ್ದರು, ಅವರ ಚೀಟಿ ಅಪ್ಪ ನೋಡಿದ್ದರು. ವ್ಯಾಪಾರಿ ಕಡಿಮೆ ಹೇಳಿದ. ಅಪ್ಪ ಟೀ ಕೊಟ್ಟು ಕಳಿಸಿದರು. ಮಾರನೇ ದಿನ ಶಿಡ್ಲಘಟ್ಟದಲ್ಲಿ ರೇಟು ನಿಜವಾಗಿಯೂ ಇಳಿದಿತ್ತು, ಆದರೆ ಅವನು ಹೇಳಿದಷ್ಟಲ್ಲ. ಸಾಲ ತೀರಿತು.

ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕಾವಲುಗಾರನಿಗೆ ಕೇಳಿದರೆ ಅವನು ಯಾರೆಂದು ತಿಳಿಯುತ್ತದೆ. ಆದರೆ ಇದ್ದ ಒಂದು ಪ್ರಶ್ನೆಯೂ ಮುಗಿದುಹೋಗುತ್ತದೆ, ಬಾಗಿಲು ತಿಳಿಯುವುದಿಲ್ಲ. ಅಪ್ಪನಿಗೆ ಆ ಕಷ್ಟವಿರಲಿಲ್ಲ.

ತಾತ ಹೇಳಿದಂಥವನು ಒಗಟಿನಲ್ಲೂ ಇದ್ದಾನೆ. ಜಾರ್ಜ್ ಬೂಲೋಸ್ ಎಂಬುವರು 1996ರಲ್ಲಿ ಪ್ರಕಟಿಸಿದ ಒಗಟಿನಲ್ಲಿ ಮೂವರು ದೇವರು: ಒಬ್ಬ ನಿಜ, ಒಬ್ಬ ಸುಳ್ಳು, ಮೂರನೆಯವನು ಮನಸ್ಸಿಗೆ ಬಂದದ್ದು. ಹೌದು-ಅಲ್ಲ ಎನ್ನುವಂಥ ಮೂರೇ ಪ್ರಶ್ನೆಯಲ್ಲಿ ಮೂವರನ್ನೂ ಗುರುತಿಸಬೇಕು. ಅವರು ಉತ್ತರ ಹೇಳುವುದು ತಮ್ಮ ಭಾಷೆಯಲ್ಲಿ, ಅದರಲ್ಲಿ ‘ಹೌದು’ ಯಾವುದೆಂದು ನಮಗೆ ಗೊತ್ತಿಲ್ಲ! ಮೊದಲ ಪ್ರಶ್ನೆಯಲ್ಲೇ ಮೂರನೆಯವನಲ್ಲದ ಒಬ್ಬನನ್ನು ಹುಡುಕಿಕೊಳ್ಳಬೇಕು ಎನ್ನುವವರೆಗೆ ನಾನು ಬಂದಿದ್ದೇನೆ. ಬಿಡಿಸಿದವರು ಮುಂದಿನ ಸಂಚಿಕೆಗೆ ಬರೆದುಕೊಡಿ.